ಸಹಾಯ ಬೇಕು: ಜ್ವರದ ಬೆನ್ನಲ್ಲೇ ಅಮ್ಮನಿಗೆ ಟಕೊಟ್ಸುಬೊ (ಹೃದಯದ ಸ್ನಾಯು ಸ್ವಲ್ಪ ಕಾಲ ದುರ್ಬಲವಾಗುವ ತೊಂದರೆ), ಯಾರಿಗಾದರೂ ಅನುಭವ ಇದೆಯಾ?

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 66 ವರ್ಷ. ಹದಿನೈದು ದಿನದ ಹಿಂದೆ ಮೂತ್ರದ ಸೋಂಕಾಗಿ ಚಳಿಜ್ವರ ಬಂತು, ಎರಡು ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಅನ್ನುತ್ತಿತ್ತು. ಮೂರನೇ ದಿನ ಬೆಳಗಿನ ಜಾವ ಎದೆ ಹಿಂಡಿದ ಹಾಗಾಗಿ ಉಸಿರೇ ಸಿಗಲಿಲ್ಲ. ಇಸಿಜಿ ನೋಡಿ ಹಾರ್ಟ್ ಅಟ್ಯಾಕ್ ಅಂದರು, ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತದಲ್ಲಿ ಹೆಚ್ಚಾಗುವ ಟ್ರೋಪೋನಿನ್ ಕೂಡ ಏರಿತ್ತು, ಆದರೆ ಆಂಜಿಯೋಗ್ರಾಂ ಮಾಡಿದರೆ ಒಂದೂ ಬ್ಲಾಕ್ ಇಲ್ಲ! ಎಕೋದಲ್ಲಿ (ಹೃದಯದ ಸ್ಕ್ಯಾನ್) ಹೃದಯದ ತುದಿ ಬಲೂನಿನ ಹಾಗೆ ಉಬ್ಬಿತ್ತು, ಇಎಫ್, ಅಂದರೆ ಪ್ರತಿ ಬಡಿತಕ್ಕೆ ಹೃದಯ ಹೊರಗೆ ತಳ್ಳುವ ರಕ್ತದ ಪಾಲು, ಬರೀ 35%.

ಟಕೊಟ್ಸುಬೊ ಅಂದರೆ ಜಪಾನಿನವರು ಆಕ್ಟೋಪಸ್ ಹಿಡಿಯುವ ಮಡಕೆಯಂತೆ, ಹೃದಯ ಅದೇ ಆಕಾರಕ್ಕೆ ಬರುತ್ತದೆ ಅಂತ ಡಾಕ್ಟರ್ ಕಾಗದದ ಮೇಲೆ ಬರೆದು ತೋರಿಸಿದರು. ದುಃಖ, ಗಾಬರಿಯಿಂದ ಮಾತ್ರ ಅಲ್ಲ, ಜೋರು ಸೋಂಕಿನಲ್ಲೂ ಅಡ್ರಿನಲಿನ್ ಉಕ್ಕಿ ಹೀಗಾಗಬಹುದಂತೆ. ಮುಟ್ಟು ನಿಂತ ಹೆಂಗಸರಲ್ಲೇ ಜಾಸ್ತಿ. ನೋಡೋಕೆ ಬಂದವರೆಲ್ಲ "ಪಾಪ, ಏನು ಚಿಂತೆ ಹಚ್ಕೊಂಡಿದ್ರು?" ಅಂತ ಕೇಳ್ತಾರೆ, ನನಗೆ ಸುಮ್ನೆ ಕೋಪ ಬರುತ್ತೆ.

ಈಗ ಮನೆಗೆ ಬಂದಿದ್ದಾರೆ. ಕೆಲವು ವಾರಗಳಲ್ಲಿ ಹೃದಯ ಮೊದಲಿನಂತಾಗುತ್ತದೆ, ಆಮೇಲೆ ಇನ್ನೊಂದು ಎಕೋ ಮಾಡೋಣ ಅಂದಿದ್ದಾರೆ. ಆದರೆ ಬಚ್ಚಲಿಗೆ ಹೋಗಿ ಬಂದರೂ ಏದುಸಿರು. ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗಾಗಿದ್ದರೆ ಹೇಳಿ: ಸುಸ್ತು ಎಷ್ಟು ದಿನ ಇತ್ತು? ಮತ್ತೆ ಜ್ವರ ಬಂದಾಗ ಪುನಃ ಆಯಿತಾ? ಮೆಟ್ಟಿಲು ಹತ್ತೋಕೆ ಯಾವಾಗ ಬಿಟ್ಟಿರಿ? ಮಾತ್ರೆ ಡಾಕ್ಟರ್ ಹೇಳಿದ ಹಾಗೇ ಕೊಡ್ತೀವಿ, ದಯವಿಟ್ಟು ಕಷಾಯ ಮಾತ್ರ ಹೇಳಬೇಡಿ.