ವಿವಾಹ ವಾರ್ಷಿಕೋತ್ಸವಕ್ಕೆ ವೈನ್ ಮತ್ತು ಚಾಕೊಲೇಟ್: ಮೈಸೂರು, ಮಂಡ್ಯದವರ ಅನುಭವಗಳು

ಕೇಳಿದವರು, ಕುವೆಂಪುನಗರ, ಮೈಸೂರು:

ಫೆಬ್ರವರಿ ಮಧ್ಯದಲ್ಲಿ ನಮ್ಮ ಮದುವೆಯ ವಾರ್ಷಿಕೋತ್ಸವವಿದ್ದು, ಕಬಿನಿ ಹಿನ್ನೀರಿನ ಬಳಿ ಎರಡು ರಾತ್ರಿ ತಂಗಲಿದ್ದೇವೆ. ಊಟವಾದ ಮೇಲೆ ಇಬ್ಬರೂ ಕುಳಿತು ವೈನ್ ಮತ್ತು ಚಾಕೊಲೇಟನ್ನು ಜೊತೆಯಾಗಿ ಸವಿಯಬೇಕೆಂಬುದು ನಮ್ಮವರ ಆಸೆ. ಅವರಿಗೆ ಕಹಿ ಚಾಕೊಲೇಟ್ ಇಷ್ಟ, ನನಗೆ ಹಾಲಿನದು. ವೈನಿನ ಪರಿಚಯ ನನಗೆ ಅಷ್ಟಾಗಿ ಇಲ್ಲ. ಯಾವುದಕ್ಕೆ ಯಾವುದು ಹೊಂದುತ್ತದೆ, ಎಲ್ಲಿ ಕೊಳ್ಳಬೇಕು ಎಂಬುದನ್ನು ಅನುಭವ ಉಳ್ಳವರು ದಯವಿಟ್ಟು ತಿಳಿಸಿ.

ಸರಸ್ವತಿಪುರಂನಿಂದ:

ಮೊದಲು ಚಾಕೊಲೇಟ್ ಆರಿಸಿಕೊಳ್ಳಿ ಮೇಡಂ, ವೈನ್ ಆಮೇಲೆ. ದುಬಾರಿ ಬಾಟಲಿಯೊಂದನ್ನು ಮೊದಲೇ ತಂದಿಟ್ಟು, ಅದರ ಪಕ್ಕಕ್ಕೆ ಕೈಗೆ ಸಿಕ್ಕ ಚಾಕೊಲೇಟ್ ಇಟ್ಟು, ಎರಡರ ರುಚಿಯೂ ಕೆಟ್ಟುಹೋಗುವುದನ್ನು ನಾನು ಹಲವರ ಮನೆಗಳಲ್ಲಿ ನೋಡಿದ್ದೇನೆ. ಬಾಯಲ್ಲಿ ಸಿಹಿ ಇರುವಾಗ ಅದಕ್ಕಿಂತ ಕಡಿಮೆ ಸಿಹಿಯದ್ದು ಏನನ್ನು ಕುಡಿದರೂ ಹುಳಿಯಾಗಿ, ತೆಳುವಾಗಿ ತೋರುತ್ತದೆ; ಮೈಸೂರು ಪಾಕ್ ತಿಂದ ಕೂಡಲೇ ಕಾಫಿ ಕುಡಿದರೆ ಅದರಲ್ಲಿ ಸಕ್ಕರೆಯೇ ಇಲ್ಲವೇನೋ ಎನ್ನಿಸುವುದು ಇದೇ ಕಾರಣಕ್ಕೆ. ಆದ್ದರಿಂದ ವೈನ್ ಚಾಕೊಲೇಟಿನಷ್ಟಾದರೂ ಸಿಹಿಯಾಗಿರಬೇಕು, ತುಸು ಹೆಚ್ಚಿದ್ದರೆ ಇನ್ನೂ ಒಳ್ಳೆಯದು.

ಹೋಟೆಲುಗಳಲ್ಲಿ ಪ್ರೇಮಿಗಳ ದಿನಕ್ಕೆಂದು ಕಹಿ ಚಾಕೊಲೇಟಿನ ಜೊತೆ ಡ್ರೈ ಕೆಂಪು ವೈನ್ ತಂದಿಡುವುದು ರೂಢಿ. ಅದನ್ನು ನಾನು ಒಪ್ಪುವುದಿಲ್ಲ. ಡ್ರೈ ವೈನಿನಲ್ಲಿ ದ್ರಾಕ್ಷಿಯ ಸಕ್ಕರೆ ಹೆಚ್ಚುಕಡಿಮೆ ಪೂರ್ತಿಯಾಗಿ ಹುದುಗಿ ಮದ್ಯಸಾರವಾಗಿರುತ್ತದೆ. ಉಳಿಯುವುದು ದ್ರಾಕ್ಷಿಯ ಸಿಪ್ಪೆ ಮತ್ತು ಬೀಜದಿಂದ ಇಳಿದ ಟ್ಯಾನಿನ್ನಿನ ಒಗರು. ಕೋಕೋದಲ್ಲಿಯೂ ತನ್ನದೇ ಆದ ಒಗರು, ಕಹಿಗಳಿವೆ. ಎರಡೂ ಸೇರಿದಾಗ ನಾಲಿಗೆ ಬಿಗಿದುಕೊಂಡು, ವೈನಿನ ಹಣ್ಣಿನ ಪರಿಮಳವೆಲ್ಲ ಅಡಗಿಹೋಗುತ್ತದೆ. ನಂದಿ ಬೆಟ್ಟದ ತಪ್ಪಲಿನ ಗ್ರೋವರ್ ಜಂಪಾ ವೈನರಿಯ ಲಾ ರಿಸರ್ವ್, ಕ್ಯಾಬರ್ನೆ ಮತ್ತು ಶಿರಾಜ್ ಎಂಬ ಎರಡು ದ್ರಾಕ್ಷಿ ತಳಿಗಳು ಬೆರೆತ ಸೊಗಸಾದ ಕೆಂಪು ವೈನ್, ನನಗೆ ಬಹಳ ಪ್ರಿಯವಾದದ್ದು. ಅದನ್ನು ಊಟದ ಜೊತೆಗೆ ಕುಡಿದು ಮುಗಿಸಿ, ಚಾಕೊಲೇಟಿನ ಹೊತ್ತಿಗೆ ಬೇರೆ ಲೋಟ ತೆಗೆದುಕೊಳ್ಳಿ ಎಂಬುದು ನನ್ನ ಸಲಹೆ.

ನಿಮ್ಮವರ ಕಹಿ ಚಾಕೊಲೇಟಿಗೆ ಸರಿಯಾದ ಜೊತೆ ಪೋರ್ಚುಗಲ್‌ನ ಪೋರ್ಟ್. ಅಲ್ಲಿನ ಡೌರೊ ಕಣಿವೆಯ ದ್ರಾಕ್ಷಿರಸ ಅರ್ಧ ಹುದುಗಿದಾಗಲೇ ಅದಕ್ಕೆ ದ್ರಾಕ್ಷಿಯಿಂದಲೇ ಬಟ್ಟಿ ಇಳಿಸಿದ ಸ್ಪಿರಿಟ್ ಸೇರಿಸಿ ಹುದುಗುವಿಕೆಯನ್ನು ನಿಲ್ಲಿಸುತ್ತಾರೆ. ಹೀಗಾಗಿ ಸಕ್ಕರೆ ಉಳಿದುಕೊಳ್ಳುತ್ತದೆ, ಮದ್ಯಸಾರವೂ ಸುಮಾರು ಶೇ. 19ರಿಂದ 22ರವರೆಗೆ ಏರುತ್ತದೆ. ಅದರಲ್ಲಿ ರೂಬಿ ಎಂಬ ಬಗೆಗೆ ಕೆಂಪು ಹಣ್ಣುಗಳ ರುಚಿಯಿದ್ದು ಕೋಕೋ ಅಂಶ ಶೇ. 70ರಷ್ಟಿರುವ ಕಹಿ ಚಾಕೊಲೇಟಿಗೆ ಒಪ್ಪುತ್ತದೆ. ಮರದ ಪೀಪಾಯಿಗಳಲ್ಲಿ ಹಲವು ವರ್ಷ ಮಾಗಿದ ಟಾನಿ ಎಂಬ ಬಗೆ ಬಾದಾಮಿ, ಗೋಡಂಬಿ, ಕ್ಯಾರಮೆಲ್ ಇರುವ ಚಾಕೊಲೇಟಿಗೆ ಹೇಳಿ ಮಾಡಿಸಿದಂತಿರುತ್ತದೆ. ಗಡುಸಾದ ವೈನ್ ಆದ್ದರಿಂದ ಒಬ್ಬರಿಗೆ 60 ಮಿಲಿ ಧಾರಾಳವಾಯಿತು. ಆಮದಿನ ಬಾಟಲಿಯಾದ ಕಾರಣ ಬೆಲೆ ಹೆಚ್ಚು. ನಮ್ಮಲ್ಲಿ ಪೋರ್ಟ್ ಎಂಬ ಹೆಸರಿನಲ್ಲಿಯೇ ಅಗ್ಗವಾಗಿ ಸಿಗುವ ಸಿಹಿ ಕೆಂಪು ವೈನ್‌ಗಳು ಆ ಕಣಿವೆಯವಲ್ಲ. ಬೆಂಗಳೂರು ನೀಲಿ ದ್ರಾಕ್ಷಿಯಿಂದ ಮಾಡಿದವುಗಳಲ್ಲಿ ಆ ಹಣ್ಣಿನ ಗಾಢ ವಾಸನೆ ಎದ್ದು ಕಾಣುತ್ತದೆ. ಸಾಧಾರಣ ಹಾಲಿನ ಚಾಕೊಲೇಟಿಗೆ ಅವೂ ಸಾಕು, ಆದರೆ ಒಳ್ಳೆಯ ಕಹಿ ಚಾಕೊಲೇಟಿಗೆ ನಾನು ಅವನ್ನು ಸೂಚಿಸಲಾರೆ.

ನಿಮ್ಮ ಹಾಲಿನ ಚಾಕೊಲೇಟಿಗೆ ಸುಲಾ ಕಂಪನಿಯ ಲೇಟ್ ಹಾರ್ವೆಸ್ಟ್ ಶೆನಿನ್ ಬ್ಲಾಂಕ್ ನೋಡಿ. ದ್ರಾಕ್ಷಿಯನ್ನು ಬಳ್ಳಿಯಲ್ಲಿಯೇ ಹೆಚ್ಚು ದಿನ ಬಿಟ್ಟು, ಸಕ್ಕರೆ ಸಾಂದ್ರವಾದ ಮೇಲೆ ಕೊಯ್ದು ಮಾಡುವ ಬಿಳಿ ಸಿಹಿ ವೈನ್ ಅದು. ಜೇನು ಮತ್ತು ಮಾಗಿದ ಹಣ್ಣಿನ ಪರಿಮಳವಿದೆ. 375 ಮಿಲಿಯ ಚಿಕ್ಕ ಬಾಟಲಿಯಲ್ಲಿ ಬರುವುದರಿಂದ ಇಬ್ಬರಿಗೆ ಅನುಕೂಲ. ಚೆನ್ನಾಗಿ ತಣ್ಣಗಿರಲಿ.

ಚಾಕೊಲೇಟಿಗೆ ದೂರ ಹೋಗಬೇಕಾಗಿಲ್ಲ. ದಕ್ಷಿಣ ಭಾರತದ ಕೋಕೋ ಬೀಜಗಳಿಂದ ನವಿಲುನಾ ಎಂಬ ಚಾಕೊಲೇಟ್ ನಮ್ಮ ಮೈಸೂರಿನಲ್ಲಿಯೇ ತಯಾರಾಗುತ್ತದೆ. ನಮ್ಮ ಕಡೆಯ ಕೋಕೋದಲ್ಲಿ ಹಣ್ಣಿನ ಹುಳಿ ಸ್ವಲ್ಪ ಮುಂದಾಗಿರುವುದರಿಂದ ರೂಬಿ ಪೋರ್ಟ್ ಅದಕ್ಕೆ ವಿಶೇಷವಾಗಿ ಹೊಂದುತ್ತದೆಂದು ನನಗೆ ಅನ್ನಿಸಿದೆ. ಹಾಲಿನ ಚಾಕೊಲೇಟಿಗೆ ಕ್ಯಾಂಪ್ಕೊ ಇದೆ. ಪುತ್ತೂರಿನಲ್ಲಿ 1986ರಿಂದ ನಡೆಯುತ್ತಿರುವ, ಬೆಳೆಗಾರರ ಸಹಕಾರ ಸಂಸ್ಥೆಯದೇ ಕಾರ್ಖಾನೆ. ಹೊರದೇಶದ ಡಬ್ಬಿಗಿಂತ ಇವೆರಡನ್ನು ಪಕ್ಕಪಕ್ಕದಲ್ಲಿಟ್ಟು ಸವಿಯುವುದರಲ್ಲಿ ನನಗೆ ಹೆಚ್ಚಿನ ಸಂತೋಷವಿದೆ.

ಮಂಡ್ಯದಿಂದ:

ಮೇಲಿನವರ ಮಾತನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ಡ್ರೈ ಕೆಂಪು ವೈನನ್ನು ಪೂರ್ತಿ ಹೊರಗಿಡಬೇಕಾಗಿಲ್ಲ. ಉಪ್ಪು ಸವರಿದ ಬಾದಾಮಿಯುಳ್ಳ, ಶೇ. 55ರ ಆಸುಪಾಸಿನ ಚಾಕೊಲೇಟಿನ ಜೊತೆ ಶಿರಾಜ್ ನಮಗೆ ಚೆನ್ನಾಗಿಯೇ ಹೊಂದಿದೆ. ಉಪ್ಪು ಕಹಿಯನ್ನು ತಗ್ಗಿಸುತ್ತದೆ, ಬೀಜದ ಕೊಬ್ಬು ಒಗರನ್ನು ಮೆದುವಾಗಿಸುತ್ತದೆ. ಬರಿಯ ಕಹಿ ಚಾಕೊಲೇಟಿನ ಜೊತೆ ಮಾತ್ರ ಬೇಡ.

ಕೊಳ್ಳುವ ವಿಷಯ. ನಮ್ಮ ಊರುಗಳಲ್ಲಿ ‘ವೈನ್ಸ್’ ಎಂಬ ಫಲಕವಿರುವ ಅಂಗಡಿಗಳಲ್ಲಿ ಮಾರಾಟವಾಗುವುದು ಹೆಚ್ಚಾಗಿ ಬ್ರಾಂದಿ, ವಿಸ್ಕಿ. ವೈನ್ ಬಾಟಲಿಗಳು ಮೇಲಿನ ಸಾಲಿನಲ್ಲಿ, ಟ್ಯೂಬ್‌ಲೈಟಿನ ಕೆಳಗೆ ತಿಂಗಳುಗಟ್ಟಲೆ ನಿಂತಿರುತ್ತವೆ. ಶಾಖ ಮತ್ತು ಬೆಳಕು ಎರಡೂ ವೈನನ್ನು ಕೆಡಿಸುತ್ತವೆ. ಹವಾನಿಯಂತ್ರಿತ ಅಂಗಡಿಗೆ ಹೋಗಿ, ಬಾಟಲಿಯ ಮೇಲಿನ ವರ್ಷ ನೋಡಿ, ಬಿರಡೆ ಉಬ್ಬಿದ್ದರೆ ಅಥವಾ ಸೋರಿದ ಗುರುತಿದ್ದರೆ ಬಿಟ್ಟುಬಿಡಿ. ಬೆಂಗಳೂರಿನ ಕಡೆಗೆ ಹೋಗುವ ಕೆಲಸವಿದ್ದರೆ ಚನ್ನಪಟ್ಟಣದ ಬಳಿಯ ಡೊಮೇನ್ ಸುಲಾ ವೈನರಿಯಲ್ಲಿ ರುಚಿ ನೋಡಿಯೇ ಕೊಳ್ಳಬಹುದು. ಹೊಸಬರಿಗೆ ಅದಕ್ಕಿಂತ ಒಳ್ಳೆಯ ದಾರಿ ಇಲ್ಲ. ಕಾರು ಓಡಿಸುವವರು ಮಾತ್ರ ಅಲ್ಲಿ ಲೋಟ ಮುಟ್ಟುವುದು ಬೇಡ.

ತಂಗುವ ಕಡೆ ಹೊರಗಿನ ಬಾಟಲಿಗೆ ಅನುಮತಿ ಇದೆಯೇ, ತೆರೆದುಕೊಡಲು ಶುಲ್ಕ ಕೇಳುತ್ತಾರೆಯೇ ಎಂಬುದನ್ನು ಮುಂಚೆಯೇ ಫೋನ್ ಮಾಡಿ ವಿಚಾರಿಸಿಕೊಳ್ಳಿ.

ಶ್ರೀರಂಗಪಟ್ಟಣದಿಂದ:

ಅಕ್ಕ, ನಿಮ್ಮ ಯಜಮಾನರಿಗೆ ಗುಳ್ಳೆಯೇಳುವ ವೈನಿನ ಬಾಟಲಿ ಬಿಚ್ಚುವ ಆಸೆಯಿದ್ದರೆ ಅದನ್ನು ಸಂಜೆ, ಊಟಕ್ಕೆ ಮುಂಚೆ, ಹುರಿದ ಗೋಡಂಬಿಯ ಜೊತೆ ಮಾಡಿಕೊಳ್ಳಿ. ಬ್ರೂಟ್ ಎಂದು ಬರೆದಿರುವುದರಲ್ಲಿ ಲೀಟರಿಗೆ 12 ಗ್ರಾಮಿಗಿಂತ ಕಡಿಮೆ ಸಕ್ಕರೆ ಇರುತ್ತದೆ; ಚಾಕೊಲೇಟಿನ ಮುಂದೆ ಅದು ಬರಿಯ ಹುಳಿಯಾಗುತ್ತದೆ. ಚಾಕೊಲೇಟಿನ ಜೊತೆಗೇ ಬೇಕೆಂದರೆ ಡೆಮಿ ಸೆಕ್ ಎಂದು ಬರೆದಿರುವುದನ್ನು ಹುಡುಕಿ. ಅದರಲ್ಲಿ ಲೀಟರಿಗೆ 32ರಿಂದ 50 ಗ್ರಾಮಿನವರೆಗೆ ಸಕ್ಕರೆ ಇರುತ್ತದೆ. ಇಟಲಿಯ ಮೊಸ್ಕಾಟೊ ದಾಸ್ತಿ ದೊರೆತರೆ ಇನ್ನೂ ಹಗುರ, ಮದ್ಯಸಾರ ಸುಮಾರು ಶೇ. 5 ಮಾತ್ರ, ಅಪರೂಪಕ್ಕೆ ಕುಡಿಯುವ ನಿಮಗೆ ಅದೇ ಹಿತವೆನಿಸಬಹುದು, ಹಾಲಿನ ಚಾಕೊಲೇಟಿಗೂ ಬಿಳಿ ಚಾಕೊಲೇಟಿಗೂ ಸೇರುತ್ತದೆ.

ಸಾಗಿಸುವಾಗ ಎಚ್ಚರವಿರಲಿ. ಕೋಕೋ ಬೆಣ್ಣೆ ಸುಮಾರು 34 ಡಿಗ್ರಿಯಲ್ಲಿ ಕರಗುತ್ತದೆ, ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಒಳಗಿನ ಶಾಖ ಫೆಬ್ರವರಿಯಲ್ಲೂ ಅದನ್ನು ಮೀರುತ್ತದೆ. ಒಮ್ಮೆ ಕರಗಿ ಮತ್ತೆ ಗಟ್ಟಿಯಾದ ಚಾಕೊಲೇಟಿನ ಮೇಲೆ ಬಿಳಿ ಪದರ ಬಂದು, ತಿಂದರೆ ಮರಳುಮರಳಾಗುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಐಸ್ ಪೆಟ್ಟಿಗೆಯಲ್ಲಿ ಒಯ್ಯಿರಿ. ತಲುಪಿದ ಮೇಲೆ ಡಬ್ಬಿಯನ್ನು ಕೂಡಲೇ ತೆರೆಯದೆ, ಕೋಣೆಯ ಶಾಖಕ್ಕೆ ಬಂದ ನಂತರ ತೆಗೆದರೆ ಬೆವರುವುದಿಲ್ಲ. ತಿನ್ನುವಾಗ ಮೊದಲು ಚಾಕೊಲೇಟ್ ನಾಲಿಗೆಯ ಮೇಲೆ ಕರಗಲಿ, ಅಗಿಯಬೇಡಿ; ಅರ್ಧ ಕರಗಿದಾಗ ಒಂದು ಗುಟುಕು ವೈನ್. ಹಾಲಿನದು ಮೊದಲು, ಕಹಿಯದು ಆಮೇಲೆ.

ಮೈಸೂರು, ಗೋಕುಲಂನಿಂದ:

ನಮ್ಮ ಮನೆಯಲ್ಲಿ ಒಬ್ಬರು ಮದ್ಯ ಮುಟ್ಟುವುದಿಲ್ಲ, ಆದರೂ ಈ ಸಂತೋಷವನ್ನು ನಾವು ಬಿಟ್ಟುಕೊಟ್ಟಿಲ್ಲ. ಒಬ್ಬರ ಲೋಟದಲ್ಲಿ ವೈನ್, ಇನ್ನೊಬ್ಬರದರಲ್ಲಿ ಚಿಕೋರಿ ಇಲ್ಲದ, ಹಾಲು ಬೆರೆಸದ ಚಿಕ್ಕಮಗಳೂರಿನ ಕಾಫಿ ಅಥವಾ ಆಗತಾನೆ ಹಿಂಡಿದ ದಾಳಿಂಬೆ ರಸ. ಕಹಿ ಚಾಕೊಲೇಟಿಗೆ ದಾಳಿಂಬೆ ಬಹಳ ಚೆನ್ನಾಗಿ ಒಪ್ಪುತ್ತದೆ. ಒಂದು ಗುಟುಕಿನ ನಂತರ ವೈನ್ ನಿಮಗೆ ಹಿಡಿಸದಿದ್ದರೆ ಸಂಕೋಚಪಡದೆ ಇದಕ್ಕೆ ಬದಲಾಯಿಸಿಕೊಳ್ಳಿ. ಉಳಿದ ವೈನನ್ನು ಆ ರಾತ್ರಿಯೇ ಮುಗಿಸುವ ಹಟವೂ ಬೇಡ: ಗುಳ್ಳೆಯ ವೈನ್ ಬಿಟ್ಟರೆ ಮಿಕ್ಕವು ನಿಲ್ಲುತ್ತವೆ, ಲೇಟ್ ಹಾರ್ವೆಸ್ಟನ್ನು ಮುಚ್ಚಳ ಬಿಗಿದು ಫ್ರಿಜ್‌ನಲ್ಲಿಟ್ಟರೆ ಎರಡನೆಯ ರಾತ್ರಿಗೂ ಚೆನ್ನಾಗಿರುತ್ತದೆ, ಪೋರ್ಟಂತೂ ಮನೆಗೆ ಮರಳಿದ ಮೇಲೂ ಕೆಲವು ವಾರ ಕೆಡುವುದಿಲ್ಲ.