ಸಹಾಯ ಬೇಕು: ಪಾಯಿಂಟ್ 22 ರೈಫಲ್ ಬಲ್ಲವರು ಯಾರಾದರೂ ಇದ್ದೀರಾ?

ನಮಸ್ಕಾರ. ನಾವು ಮಂಡ್ಯದವರು. ಮಗಳು ಎನ್‌ಸಿಸಿಯಲ್ಲಿದ್ದಾಳೆ, ಮುಂದಿನ ಕ್ಯಾಂಪಿನಲ್ಲಿ ಫೈರಿಂಗ್ ಇದೆ. ಸುರಕ್ಷತೆಯ ಪಾಠ ಬಾಯಿಪಾಠ ಆಗಿದೆ. ನಳಿಗೆ ಸದಾ ಗುರಿಯ ಕಡೆಗೇ, ಬೋಲ್ಟ್ (ಹಿಂದಕ್ಕೆಳೆಯುವ ಅಗುಳಿ) ತೆರೆದು ಚೇಂಬರ್, ಅಂದರೆ ಗುಂಡು ಕೂರುವ ಜಾಗ, ಖಾಲಿ ಅಂತ ಕಣ್ಣಾರೆ ನೋಡುವುದು, ಹೊಡೆಯುವ ತನಕ ಬೆರಳು ಟ್ರಿಗರ್‌ನಿಂದ ಹೊರಗೆ. ಈಗ ಮನೆಯಲ್ಲಿ ಪೊರಕೆ ಹಿಡಿದರೂ ತೋರುಬೆರಳು ನೆಟ್ಟಗೇ ಇರುತ್ತೆ!

ತೊಂದರೆ ಇರುವುದು ಗುರಿಯಲ್ಲಿ. ಗುಂಡುಗಳು ಒಂದೇ ಕಡೆ ಗುಂಪಾಗಿ ಬಿದ್ದರೆ ರೈಫಲ್‌ನ ಸೈಟ್ (ಗುರಿ ನೋಡುವ ಭಾಗ) ತಿದ್ದಬಹುದು, ಅಲ್ವಾ? ಇವಳದ್ದು ಚದುರುತ್ತವೆ, ಜಾಸ್ತಿ ಕೆಳಗೆ ಬಲಕ್ಕೆ. ಸದ್ದಿಗೆ ಹೆದರಿ ಟ್ರಿಗರ್ ಕಿತ್ತುಬಿಡುತ್ತಾಳೆ ಅಂತ ನನ್ನ ಅನುಮಾನ. ಉಸಿರು ಅರ್ಧ ಬಿಟ್ಟು, ನಿಲ್ಲಿಸಿ, ನಿಧಾನಕ್ಕೆ ಒತ್ತು ಅಂತ ಹೇಳಿದ್ದಾರಂತೆ. ಆ ಅಭ್ಯಾಸ ಮನೆಯಲ್ಲಿ ರೈಫಲ್ ಇಲ್ಲದೆ ಮಾಡಿಸುವುದು ಹೇಗೆ?

ಇನ್ನೊಂದು. ಗುಂಡಿಲ್ಲದೆ ಸುಮ್ನೆ ಟ್ರಿಗರ್ ಒತ್ತಿದರೆ ಈ ರೈಫಲ್‌ನ ಫೈರಿಂಗ್ ಪಿನ್ (ಗುಂಡಿಗೆ ಬಡಿದು ಹಾರಿಸುವ ಮೊಳೆ) ಚೇಂಬರಿನ ಅಂಚಿಗೆ ಬಡಿದು ಹಾಳಾಗಬಹುದು. ಹಾಗಾಗಿ ಡಮ್ಮಿ ಗುಂಡು ಬಳಸಿ ಅಭ್ಯಾಸ ಮಾಡಿಸುವ ತರಬೇತುದಾರರು ಮಂಡ್ಯ ಅಥವಾ ಮೈಸೂರಿನಲ್ಲಿ ಇದ್ದಾರಾ? ಕ್ಲೀನಿಂಗ್ ಕೂಡ ಕಲಿಸಿದರೆ ಒಳ್ಳೆಯದು. ರಾಡ್ ಹಿಂದಿನಿಂದ ಹಾಕಬೇಕು, ಮುಂದಿನಿಂದ ಹಾಕಿದರೆ ನಳಿಗೆಯ ಬಾಯಿ ಸವೆಯುತ್ತೆ ಅನ್ನುವಷ್ಟು ನನಗೂ ಗೊತ್ತು. ಭಾನುವಾರ ಕ್ಲಾಸ್ ಇದ್ದರೆ ಬಲು ಅನುಕೂಲ. ಅನುಭವ ಇರುವವರು ಮಾತ್ರ ತಿಳಿಸಿ, ದಯವಿಟ್ಟು.