‘ಅಂತೆ’ ಅಂದರೆ ಅನುಮಾನ ಅಂತಲೇ ಅರ್ಥವಾ?

ಕಾನುಮನೆ:
ನಮ್ಮ ಊರಿನ ವಾಟ್ಸಾಪ್ ಗುಂಪಿನಲ್ಲಿ ‘ಲಿಂಗನಮಕ್ಕಿ 1819 ಅಡಿ ಮುಟ್ಟಿತಂತೆ, ಗೇಟು ತೆಗೆಯುತ್ತಾರಂತೆ’ ಅಂತ ಹಾಕಿದೆ. ಒಬ್ಬರು ‘ನಿಮಗೇ ನಂಬಿಕೆ ಇಲ್ಲದ್ದನ್ನ ಯಾಕೆ ಹಾಕುತ್ತೀರಿ’ ಅಂತ ರೇಗಿದರು. ನಾನು ಕೇಳಿದ್ದನ್ನ ಹೇಳಿದೆ ಅಷ್ಟೆ. ‘ಅಂತೆ’ ಬಂದರೆ ಮಾತು ಸುಳ್ಳಿರಬಹುದು ಅಂತ ಲೆಕ್ಕವಾ? ಹಾಗಾದರೆ ಪೇಪರಿನವರ ‘ಎನ್ನಲಾಗಿದೆ’ ಕಥೆ ಏನು?

ತುಂಗಾತೀರ:
ಇಲ್ಲ ಮಾರಾಯ್ರೆ. ನಾನು ಕಣ್ಣಾರೆ ಕಂಡಿಲ್ಲ, ಕಿವಿಯಾರೆ ಕೇಳಿದ್ದು ಅಂತ ಮಾತ್ರ ಅದರ ಅರ್ಥ. ‘ಅಮ್ಮ ಕರೀತಿದ್ದಾರೆ, ಊಟಕ್ಕೆ ಬರಬೇಕಂತೆ’ ಅಂತ ಮಗು ಬಂದು ಹೇಳಿದರೆ ಅಲ್ಲಿ ಅನುಮಾನ ಎಲ್ಲಿದೆ? ಮನೆಯಲ್ಲೇ ಕೂತವರನ್ನ ‘ಇವತ್ತು ಮಂಡಿಯಲ್ಲಿ ರಾಶಿ ಅಡಿಕೆ ಎಷ್ಟಂತೆ?’ ಅಂತ ಕೇಳುತ್ತೇವೆ, ಯಾಕೆಂದರೆ ಅವರೂ ಯಾರದ್ದೋ ಬಾಯಿಂದ ಕೇಳಿದ್ದನ್ನೇ ಹೇಳಬೇಕು. ಮಂಡಿಗೇ ಹೋಗಿ ಬಂದವರನ್ನಾದರೆ ‘ಎಷ್ಟಿತ್ತು?’ ಅಂತೀವಿ. ಅನುಮಾನ ಇರೋದು ರಾಗದಲ್ಲಿ. ‘ಬೆಳಗ್ಗೆಯೇ ಹೊರಟನಂತೇ...’ ಅಂತ ಎಳೆದರೆ ಆಯ್ತು, ಯಾರೂ ನಂಬಲ್ಲ.

ಕೊನೆಕೊಯ್ಲು:
ಸರಿ, ಆದರೆ ತನ್ನ ಬಗ್ಗೆಯೇ ‘ಅಂತೆ’ ಹಾಕಿ ನೋಡಿ. ‘ನಾನು ಅವನ ಬೇಲಿ ಕಿತ್ತೆನಂತೆ!’ ಅಂದರೆ ನಾನು ಕಿತ್ತಿಲ್ಲ, ಅವನು ಹಾಗೆ ಹೇಳಿಕೊಂಡು ತಿರುಗುತ್ತಿದ್ದಾನೆ ಅಂತ. ನಾವೇ ಮಾಡಿದ ಕೆಲಸವನ್ನ ನಮಗೆ ಬೇರೆಯವರು ಬಂದು ತಿಳಿಸಬೇಕಿಲ್ಲ ಅಲ್ವಾ, ಅದಕ್ಕೇ ಅಲ್ಲಿ ಅದು ನೇರ ನಿರಾಕರಣೆ. ‘ನಾನು ಹುಟ್ಟಿದ ದಿನ ಜೋರು ಮಳೆಯಂತೆ’ ಅನ್ನೋದು ಹಾಗಲ್ಲ, ಅಜ್ಜಿಯ ಮಾತು ನಂಬಿಯೇ ಹೇಳೋದು. ಸಾಗರದ ಕಡೆ ಹವ್ಯಕರು ‘ಮಳೆ ಬತ್ತಡ’ ಅಂತಾರೆ, ಆ ‘ಅಡ’ದ ಕೆಲಸವೂ ಇದೇ. ಪೂರಾ ಅನುಮಾನ ಬೇಕಿದ್ದರೆ ‘ಅಂತೆ ಕಂತೆ’ ಇದ್ದೇ ಇದೆ.

ಹಳೇಡೆಸ್ಕು:
ಪೇಪರಿನ ವಿಷಯಕ್ಕೆ ಬರುತ್ತೇನೆ. ‘ಎನ್ನಲಾಗಿದೆ’ ನನಗೆ ಇಷ್ಟವಿಲ್ಲ, ಹೇಳಿದವರು ಯಾರು ಅನ್ನೋದೇ ಅದರಲ್ಲಿ ಮಾಯ. ‘ಪೊಲೀಸರು ತಿಳಿಸಿದ್ದಾರೆ’ ಅಂತ ಬರೆಯಬಹುದಾದ ಕಡೆ ಸುಮ್ನೆ ಅದನ್ನ ಹಾಕೋದು ಸೋಮಾರಿತನ. ಆದರೆ ‘ಹಣ ಕದ್ದ ಎನ್ನಲಾದ ವ್ಯಕ್ತಿ’ ಅನ್ನುವಾಗ ‘ಎನ್ನಲಾದ’ ಬೇಕೇ ಬೇಕು. ಕೋರ್ಟಿನಲ್ಲಿ ತಪ್ಪು ಸಾಬೀತಾಗುವ ತನಕ ಆತ ಆರೋಪಿ, ಅಪರಾಧಿ ಅಲ್ಲ. ಆ ಪದ ಬಿಟ್ಟರೆ ತೀರ್ಪು ನಾವೇ ಕೊಟ್ಟಂಗೆ. ಇನ್ನು ನಿಮ್ಮ ಗುಂಪಿನವರು ರೇಗಿದ್ದು ಪದಕ್ಕಲ್ಲ ಅನ್ಸುತ್ತೆ. 1819 ಅಂದರೆ ಡ್ಯಾಮು ಪೂರ್ತಿ ತುಂಬಿದ ಮಟ್ಟ. ಹೊಳೆಯ ಕೆಳಗಿನ ದಂಡೆಯವರಿಗೆ ಅದು ತಮಾಷೆ ಅಲ್ಲ. ಯಾರು ಹೇಳಿದ್ದು ಅಂತ ಜೊತೆಗೆ ಹಾಕಬೇಕಿತ್ತು.

ಕಾನುಮನೆ:
ಡ್ಯಾಮಿನ ಹತ್ತಿರದ ನೆಂಟರೇ ಹೇಳಿದ್ದು ಸರ್. ಈಗ ಫೋನ್ ಮಾಡಿ ಕೇಳಿದೆ, ಅವರಿಗೂ ಯಾರೋ ಹೇಳಿದ್ದಂತೆ.